ಪೆಟ್ಟಿಗೆಯ ಮುಂದಿನ ಕಳೆ: ಜೇನಿನ ಸಿಟ್ಟು ಮತ್ತು ತೋಟದ ಕೆಲಸದ ಕ್ರಮ

ಜೇನುಪೆಟ್ಟಿಗೆ ಇಟ್ಟ ತೋಟದಲ್ಲಿ ಕಳೆ ತೆಗೆಯುವುದು, ಪಾತಿ ಮಾಡುವುದು, ಒಣಗಿದ ಗರಿ ಎಳೆದು ಹಾಕುವುದು, ಬೇಲಿ ಸವರುವುದು ಇವೆಲ್ಲ ಕಾವಲು ನೊಣಗಳ ಎದುರಿಗೇ ನಡೆಯುವ ಕೆಲಸಗಳು. ಚಿತ್ರದುರ್ಗ ಜಿಲ್ಲೆಯ ತೋಟದ ಸೀಮೆಯಲ್ಲಿ ಈ ಮುಖಾಮುಖಿ ತಪ್ಪಿದ್ದಲ್ಲ. ಹಿರಿಯೂರಿನಲ್ಲಿ, 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರದ ನಾಲೆಗಳ ಕೆಳಗೆ ತೆಂಗು, ಅಡಿಕೆ ತೋಟಗಳಿವೆ. ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಮತ್ತು ಹೊಳಲ್ಕೆರೆಯ ಕಡೆ ಅಡಿಕೆ ಮುಖ್ಯ. ಹೊಸದುರ್ಗದ ಕಡೆ ತೆಂಗು, ಅಡಿಕೆಗಳ ಜೊತೆಗೆ ದಾಳಿಂಬೆಯೂ ಇದೆ. ಜೇನು ಸಾಕಣೆಗೆ ತೋಟಗಾರಿಕೆ ಇಲಾಖೆಯ ಸಹಾಯಧನ ಸಿಗುತ್ತದೆ; ಕೇಂದ್ರ ಸರ್ಕಾರ 2020–21ರಿಂದ ಮೂರು ವರ್ಷಕ್ಕೆಂದು 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನು ಸಾಕಣೆ ಮತ್ತು ಮಧು ಮಿಷನ್ ಆರಂಭಿಸಿತು. ಪೆಟ್ಟಿಗೆಯನ್ನು ತೋಟಕ್ಕೆ ತಲುಪಿಸುವ ವ್ಯವಸ್ಥೆ ಹೀಗೆ ಬೆಳೆದಿದೆ. ಪೆಟ್ಟಿಗೆಯ ಸುತ್ತ ಕೆಲಸ ಮಾಡುವ ಕ್ರಮದ ಬಗ್ಗೆ ಮಾತ್ರ ಅಷ್ಟು ಯೋಚನೆ ನಡೆದಿಲ್ಲ. ಬೆಂಕಿ, ಔಷಧಿ, ಹೊಗೆ, ಮೈಮುಚ್ಚುವ ಬಟ್ಟೆ, ಹೊತ್ತು ನೋಡುವುದು, ಜಾಗ ಬದಲಿಸುವುದು ಎಂದು ರೂಢಿಯಲ್ಲಿ ಹಲವು ದಾರಿಗಳಿವೆ. ಎರಡು ಪ್ರಶ್ನೆಗಳಿಂದ ಇವನ್ನು ತೂಗಬಹುದು: ಕೆಲಸ ಮಾಡುವ ಮನುಷ್ಯ ಸುರಕ್ಷಿತವಾಗಿ ಮನೆ ಸೇರಿದನೇ? ಜೇನು ಕುಟುಂಬ ಮರುದಿನವೂ ಪೆಟ್ಟಿಗೆಯಲ್ಲೇ ಉಳಿಯಿತೇ?

ಎದುರಿಗಿರುವುದು ಯಾವ ಜೇನು ಎಂಬುದು ಮೊದಲು ತಿಳಿಯಬೇಕು. ಈ ಸೀಮೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ತುಡುವೆ. ಮರದ ಪೊಟರೆ, ಹುತ್ತ, ಗೋಡೆಯ ಸಂದುಗಳಂಥ ಕತ್ತಲ ಜಾಗದಲ್ಲಿ ಹಲವು ಎರಿ ಕಟ್ಟುವ ಜಾತಿ ಇದು. ಸ್ವಭಾವ ಸೌಮ್ಯ. ಪೆಟ್ಟಿಗೆಗೆ ಏನಾದರೂ ತಾಗಿದರೆ ಒಳಗಿನ ನೊಣಗಳು ಒಟ್ಟಾಗಿ ಮೈ ಅದುರಿಸಿ ಹಾವು ಬುಸುಗುಟ್ಟಿದಂಥ ಸದ್ದು ಮಾಡುತ್ತವೆ. ಬಹಳ ಸಲ ಹೊರಗೆ ನುಗ್ಗದೆ ಒಳಕ್ಕೇ ಸರಿಯುತ್ತವೆ. ಆದರೆ ಕಾಟ ಹೆಚ್ಚಾದರೆ ಇಡೀ ಕುಟುಂಬ ಎರಿಗಳನ್ನು ಬಿಟ್ಟು ಹಾರಿಹೋಗುತ್ತದೆ. ಎರಡನೆಯದು ಹೊರದೇಶದಿಂದ ಬಂದ ಮೆಲ್ಲಿಫೆರಾ. ಇಂದು ಹಿಮಾಚಲ ಪ್ರದೇಶದಲ್ಲಿರುವ ನಗ್ರೋಟಾದಲ್ಲಿ 1962ರಲ್ಲಿ ಈ ಜೇನು ಭಾರತದ ನೆಲಕ್ಕೆ ಒಗ್ಗಿತು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ನಾಶ ಮಾಡಿದ ಮೇಲೆ ಇಲ್ಲಿಯ ಸಾಕಣೆಗಾರರೂ ಇದರ ಕಡೆ ತಿರುಗಿದರು. ಮೆಲ್ಲಿಫೆರಾದ ಕುಟುಂಬ ದೊಡ್ಡದು, ಕಾವಲಿನ ನೊಣಗಳೂ ಹೆಚ್ಚು. ಕೆಣಕಿದರೆ ಮೈಮೇಲೆ ಬೀಳುವ ನೊಣಗಳ ಲೆಕ್ಕವೂ ಅಷ್ಟೇ ಹೆಚ್ಚು. ಬೇಲಿ ಸವರುವಾಗ ಕುಡುಗೋಲಿಗೆ ಸಿಗುವುದು ಕೋಲ್ಜೇನು. ಅದು ಕಡ್ಡಿಯೊಂದಕ್ಕೆ ಅಂಗೈಯಷ್ಟಗಲದ ಒಂದೇ ಎರಿ ಕಟ್ಟುತ್ತದೆ, ಅದರ ಕುಟುಕೂ ಸಣ್ಣದು. ಗೋಡೆಯ ತೂತಿನ ಮುಜಂಟಿಗೆ ಚುಚ್ಚುವ ಕೊಂಡಿಯೇ ಇಲ್ಲ. ಇವೆಲ್ಲಕ್ಕಿಂತ ಬೇರೆಯೇ ಆದದ್ದು ಹೆಜ್ಜೇನು. ತೋಟದ ಪೆಟ್ಟಿಗೆಗೆ ಹೇಳಿದ ಯಾವ ನಿಯಮವೂ ಅದಕ್ಕೆ ಸಾಲದು.

ಜೇನು ಕುಟುಕುವುದು ಗೂಡಿನ ರಕ್ಷಣೆಗೆ. ಹೂವಿನ ಮೇಲೆ ಕೂತ ನೊಣ ಮನುಷ್ಯನನ್ನು ಲೆಕ್ಕಿಸುವುದಿಲ್ಲ. ಅದೇ ನೊಣ ಗೂಡಿನ ಬಾಗಿಲಲ್ಲಿ ಕಾವಲಿಗೆ ನಿಂತಾಗ ಬೇರೆಯೇ ಆಗುತ್ತದೆ. ಕೆಲಸಗಾರ ನೊಣದ ಕೊಂಡಿಗೆ ಗರಗಸದಂಥ ಹಿಮ್ಮುಖ ಹಲ್ಲುಗಳಿವೆ. ಮನುಷ್ಯನ ಚರ್ಮಕ್ಕೆ ಇಳಿದ ಕೊಂಡಿ ಹಿಂದಕ್ಕೆ ಬರುವುದಿಲ್ಲ. ನಂಜಿನ ಚೀಲದ ಸಮೇತ ಕಿತ್ತು ಉಳಿಯುತ್ತದೆ, ನೊಣ ಸಾಯುತ್ತದೆ. ಕಣ್ಣಿಟ್ಟು ನೋಡಿದರೆ, ನೊಣ ಹೋದ ಮೇಲೂ ಮುಂಗೈ ಮೇಲೆ ಉಳಿದ ಆ ಬೆಳ್ಳನೆಯ ಪುಟ್ಟ ಚೀಲ ಅದುರುತ್ತ ನಂಜನ್ನು ಒಳಕ್ಕೆ ತಳ್ಳುತ್ತಿರುವುದು ಕಾಣುತ್ತದೆ. ಅದೇ ಜಾಗದಿಂದ ಒಂದು ವಾಸನೆಯೂ ಹೊರಡುತ್ತದೆ. ಅದರ ಮುಖ್ಯ ಅಂಶ ಐಸೋಪೆಂಟೈಲ್ ಅಸಿಟೇಟ್ ಎಂದು 1962ರಲ್ಲಿ ಪತ್ತೆಯಾಯಿತು. ಮಾಗಿದ ಬಾಳೆಹಣ್ಣಿನ ಘಮಕ್ಕೂ ಇದೇ ವಸ್ತು ಕಾರಣ. ಪೆಟ್ಟಿಗೆ ಬಿಚ್ಚುವ ಮುನ್ನ ಬಾಳೆಹಣ್ಣು ತಿನ್ನಬಾರದೆಂಬ ಸಾಕಣೆಗಾರರ ಮಾತಿಗೆ ಆಧಾರ ಇಲ್ಲಿದೆ. ಈ ವಾಸನೆ ಉಳಿದ ನೊಣಗಳಿಗೆ ಕರೆ. ಒಂದು ಕುಟುಕು ಬಿದ್ದ ಕಡೆ ಹತ್ತು ಬೀಳುವುದು ಇದರಿಂದ. ಆದ್ದರಿಂದ ತೋಟದ ಕೆಲಸದಲ್ಲಿ ಮುಖ್ಯ ಗುರಿ ಮೊದಲನೆಯ ಕುಟುಕನ್ನು ತಪ್ಪಿಸುವುದು.

ಮೊದಲ ಕುಟುಕಿಗೆ ಕಾರಣಗಳು ಹಲವು. ಕಾಲಿನ ಮೂಲಕ ಸಣ್ಣ ನಡುಕವೂ ಜೇನಿಗೆ ತಿಳಿಯುತ್ತದೆ. ಕಪ್ಪು ಬಟ್ಟೆ, ಕೂದಲು, ಕಂಬಳಿಯಂಥ ಒರಟು ಮೇಲ್ಮೈ, ಬೀಸುವ ಕೈ, ಮುಖದ ಹತ್ತಿರದ ಉಸಿರು, ಬೆವರು, ಜಜ್ಜಿದ ನೊಣದ ವಾಸನೆ ಇವೆಲ್ಲ ಕಾವಲನ್ನು ಎಚ್ಚರಿಸುತ್ತವೆ. ರಾಣಿ ಸತ್ತ ಕುಟುಂಬ, ಇರುವೆ ಹತ್ತಿದ ಪೆಟ್ಟಿಗೆ, ಕಣಜದ ಕಾಟಕ್ಕೆ ಸಿಕ್ಕ ಪೆಟ್ಟಿಗೆ, ಬೇರೆ ಜೇನುಗಳು ಕದಿಯಲು ಮುತ್ತಿದ ಪೆಟ್ಟಿಗೆ ಮೊದಲೇ ರೇಗಿರುತ್ತವೆ. ಇದರ ಜೊತೆಗೆ ಈ ಸೀಮೆಯ ಋತುಮಾನವೂ ಸೇರುತ್ತದೆ. ಬೇಸಿಗೆಯಲ್ಲಿ ಬೇವು, ಹೊಂಗೆ, ಹುಣಸೆ ಹೂ ಬಿಟ್ಟಾಗ ಜೇನಿಗೆ ಕೈತುಂಬ ಕೆಲಸ. ದುಡಿಯುವ ನೊಣಗಳೆಲ್ಲ ಹೊರಗಿರುತ್ತವೆ. ಮುಂಗಾರು ಹಿಡಿಯುವ ಹೊತ್ತಿಗೆ ಆ ಹೂ ಮುಗಿದು ಮಕರಂದ ಕಡಿಮೆಯಾಗುತ್ತದೆ. ಮೋಡ ಕವಿದ ದಿನ ನೊಣಗಳೆಲ್ಲ ಗೂಡಿನಲ್ಲೇ ಉಳಿಯುತ್ತವೆ. ತೋಟದಲ್ಲಿ ಕಳೆ ಆಳೆತ್ತರ ಏಳುವುದೂ ಆಗಲೇ. ಕಳೆಯ ಕಾಲ ಮತ್ತು ಜೇನಿನ ಹಸಿವಿನ ಕಾಲ ಒಂದಾಗುವುದು ಇಲ್ಲಿಯ ತೊಂದರೆಯ ಬೇರು. ವರ್ಷವೆಲ್ಲ ಸುಮ್ಮನಿದ್ದ ಪೆಟ್ಟಿಗೆ ಆಷಾಢದಲ್ಲಿ ಇದ್ದಕ್ಕಿದ್ದಂತೆ ಕೆಟ್ಟದ್ದಾಯಿತು ಎಂಬ ದೂರಿಗೆ ಬಹುಪಾಲು ಉತ್ತರ ಇದು.

ರೂಢಿಯ ದಾರಿಗಳಲ್ಲಿ ಅತ್ಯಂತ ಕೆಟ್ಟದ್ದು ಬೆಂಕಿ ಮತ್ತು ಕೀಟನಾಶಕ. ಪಂಜು ಹಿಡಿದು ಗೂಡು ಸುಡುವುದರಿಂದ ಮರಿ, ಮೊಟ್ಟೆ, ರಾಣಿ ಸಮೇತ ಕುಟುಂಬ ನಾಶವಾಗುತ್ತದೆ. ಉಳಿದ ನೊಣಗಳು ಚದುರಿ, ಬೆಳಗಾದ ಮೇಲೆ ಆ ದಾರಿಯಲ್ಲಿ ಬಂದವರ ಮೇಲೆ ಎರಗುತ್ತವೆ. ಒಣಹುಲ್ಲಿನ ಕಾಲದಲ್ಲಿ ಕಿಡಿ ಬೇಲಿಗೆ, ಬೇಲಿಯಿಂದ ಗುಡ್ಡಕ್ಕೆ ಹತ್ತುವ ಅಪಾಯವೂ ಇದೆ. ಹೆಜ್ಜೇನು ವರ್ಷ ವರ್ಷವೂ ಅದೇ ಕೊಂಬೆಗೆ, ಅದೇ ಬಂಡೆಗೆ ಮರಳಿ ಬರುವ ಜಾತಿಯಾದ್ದರಿಂದ ಸುಟ್ಟ ಜಾಗ ಖಾಲಿ ಉಳಿಯುತ್ತದೆಂಬ ನಂಬಿಕೆಯೂ ಸುಳ್ಳು. ಕೀಟನಾಶಕದ ದೋಷ ಇನ್ನೂ ದೂರ ಹೋಗುತ್ತದೆ. ವಿಷ ಬಿದ್ದ ಗೂಡಿನ ತುಪ್ಪವನ್ನು ಅಕ್ಕಪಕ್ಕದ ಪೆಟ್ಟಿಗೆಯ ನೊಣಗಳು ಹೊತ್ತೊಯ್ಯುತ್ತವೆ. ಒಬ್ಬರ ತೋಟದ ಸಿಂಪಡಣೆ ಇನ್ನೊಬ್ಬರ ಸಾಕಣೆಯನ್ನು ಕೊಲ್ಲುತ್ತದೆ. ಕಾಯಿ ಕಚ್ಚಲೆಂದು ಪೆಟ್ಟಿಗೆ ತಂದಿಟ್ಟ ದಾಳಿಂಬೆ ತೋಟಕ್ಕೆ ಹೂವಿನ ಕಾಲದಲ್ಲೇ ಔಷಧಿ ಹೊಡೆದರೆ ಪೆಟ್ಟಿಗೆ ತಂದ ಉದ್ದೇಶವೇ ಕೆಡುತ್ತದೆ. ಎರಡು ಪ್ರಶ್ನೆಗಳಲ್ಲಿ ಯಾವುದಕ್ಕೂ ಇವುಗಳಿಂದ ಒಳ್ಳೆಯ ಉತ್ತರ ಬರುವುದಿಲ್ಲ.

ಎರಡನೆಯ ದೋಷ ಯಂತ್ರದ ಬಳಕೆಯಲ್ಲಿದೆ. ಕೂಲಿಗೆ ಆಳು ಸಿಗದ ಕಾಲದಲ್ಲಿ ವೀಡ್ ಕಟರ್ ಅನಿವಾರ್ಯವಾಗಿದೆ. ಅದನ್ನು ಬೈದು ಪ್ರಯೋಜನವಿಲ್ಲ. ಆದರೆ ಅದು ಪೆಟ್ಟಿಗೆಯ ಹತ್ತಿರ ಬಂದಾಗ ಏನಾಗುತ್ತದೆಂದು ನೋಡಬೇಕು. ಅಡಿಕೆ ಸಾಲಿನ ನಡುವೆ ಕಲ್ಲುಕಂಬದ ಮೇಲೆ ಒಂದು ಪೆಟ್ಟಿಗೆ. ಬಾಗಿಲ ಹಲಗೆಯ ಮೇಲೆ ಐದಾರು ಕಾವಲು ನೊಣ. ಯಂತ್ರ ದೂರದ ಸಾಲಿನಲ್ಲಿ ಇರುವಷ್ಟು ಹೊತ್ತು ಅವು ಬರುವ ಹೋಗುವ ನೊಣಗಳನ್ನು ಮೂಸಿ ನೋಡುತ್ತ ಇರುತ್ತವೆ. ಯಂತ್ರ ಹತ್ತಡಿಗೆ ಬಂದಾಗ ಹಲಗೆಯ ಮೇಲೆ ಇನ್ನಷ್ಟು ನೊಣ ಸೇರುತ್ತವೆ. ಕೆಲವು ಮುಂಗಾಲೆತ್ತಿ, ಮೀಸೆ ಮುಂದಕ್ಕೆ ಚಾಚಿ ನಿಲ್ಲುತ್ತವೆ. ಒಂದೆರಡು ಎದ್ದು ಕೆಲಸದವನ ತಲೆಯ ಸುತ್ತ ಸುತ್ತಿ, ಹಣೆಗೆ ಡಿಕ್ಕಿ ಹೊಡೆದು ಹಿಂದಿರುಗುತ್ತವೆ. ಇದು ಎಚ್ಚರಿಕೆ, ಕುಟುಕು ಇನ್ನೂ ಬಂದಿಲ್ಲ. ಯಂತ್ರದ ಸದ್ದಿನಲ್ಲಿ ರೆಕ್ಕೆಯ ಸದ್ದು ಕೇಳದ ಕೆಲಸದವನು ಒಂದು ಹೆಜ್ಜೆ ಮುಂದಿಡುತ್ತಾನೆ. ತಿರುಗುವ ದಾರಕ್ಕೆ ಸಿಕ್ಕ ಹರಳೊಂದು ಸಿಡಿದು ಪೆಟ್ಟಿಗೆಗೆ ಬಡಿಯುತ್ತದೆ. ಆಗ ಜೇನು ಏಳುತ್ತದೆ. ಯಂತ್ರ ಹೆಗಲಿಗೆ ಪಟ್ಟಿಯಿಂದ ಬಿಗಿದಿರುವುದರಿಂದ ಅವನು ತಕ್ಷಣ ಓಡಲೂ ಆರ. ಎಚ್ಚರಿಕೆಯ ಸದ್ದನ್ನು ಮುಚ್ಚುವುದು, ಓಡುವ ಕಾಲನ್ನು ಕಟ್ಟುವುದು ಇವೆರಡೂ ಒಂದೇ ಉಪಕರಣದಲ್ಲಿ ಸೇರಿರುವುದು ದೊಡ್ಡ ಅಪಾಯ. ಪೆಟ್ಟಿಗೆಯ ಸುತ್ತ ಹತ್ತು ಹದಿನೈದು ಅಡಿ ಜಾಗದಲ್ಲಿ ಯಂತ್ರ ನಿಲ್ಲಿಸಿ ಕುಡುಗೋಲು ಹಿಡಿಯುವುದೇ ಸರಿ. ಅದೂ ಪೆಟ್ಟಿಗೆಯ ಹಿಂದಿನಿಂದ ಅಥವಾ ಪಕ್ಕದಿಂದ; ಬಾಗಿಲ ಮುಂದಿನ ಹಾರುದಾರಿಗೆ ಅಡ್ಡ ನಿಂತು ಅಲ್ಲ.

ಹೊಗೆ ಹಳೆಯ, ಪರೀಕ್ಷೆಗೆ ನಿಂತ ಉಪಾಯ. ಕರೆಯ ವಾಸನೆಯನ್ನು ಗ್ರಹಿಸುವ ಮೀಸೆಯ ಶಕ್ತಿಯನ್ನು ಹೊಗೆ ಸ್ವಲ್ಪ ಹೊತ್ತು ಮಂಕಾಗಿಸುತ್ತದೆ. ಹೊಗೆ ಕಂಡ ನೊಣಗಳು ಗೂಡು ಬಿಡುವ ಸಿದ್ಧತೆಯಲ್ಲಿ ತುಪ್ಪ ಹೀರಿಕೊಳ್ಳುತ್ತವೆ, ಕಾವಲಿನ ಕಡೆ ಅವುಗಳ ಗಮನ ಕುಂದುತ್ತದೆ. ಹೊಗೆತಿದಿಗೆ ತೆಂಗಿನ ನಾರು, ಹಳೆಯ ಗೋಣಿಚೀಲದ ತುಂಡು ಸಾಕು. ಇಲ್ಲಿಯ ಯಾವ ತೋಟದಲ್ಲೂ ಅವಕ್ಕೆ ಕೊರತೆಯಿಲ್ಲ. ಪ್ಲಾಸ್ಟಿಕ್, ಸೀಮೆಎಣ್ಣೆ ಬಟ್ಟೆ ಸುಡಬಾರದು. ಕೈಗೆ ತಣ್ಣಗೆ ತಾಗುವ ಬಿಳಿ ಹೊಗೆಯನ್ನು ಬಾಗಿಲಿಗೆ ಎರಡು ಮೂರು ಸಲ ಊದಿ, ಒಂದೆರಡು ನಿಮಿಷ ಬಿಟ್ಟು ಕೆಲಸ ಶುರು ಮಾಡಬೇಕು. ಹೊಗೆಯ ಮಿತಿಯನ್ನೂ ಹೇಳಬೇಕು. ಅದರ ಪರಿಣಾಮ ಕೆಲವೇ ನಿಮಿಷ. ತೋಟವಿಡೀ ಕೆಲಸ ಮುಗಿಯುವವರೆಗೆ ಅದು ಕಾಯುವುದಿಲ್ಲ. ಜೇನು ಎದ್ದ ಮೇಲೆ ಹಾಕಿದ ಹೊಗೆಗಿಂತ ಏಳುವ ಮೊದಲು ಹಾಕಿದ ಹೊಗೆಗೆ ಬಲ ಹೆಚ್ಚು. ಅತಿಯಾದರೆ, ಬಿಸಿಯಾದರೆ, ಸೌಮ್ಯ ಸ್ವಭಾವದ ತುಡುವೆಯೂ ಕಂಗೆಟ್ಟು ಪೆಟ್ಟಿಗೆ ಬಿಡಬಹುದು. ಮೊದಲು ಸಿದ್ಧತೆ ಮಾಡದೆ ಹೊಗೆಯನ್ನೇ ನೆಚ್ಚಿದ ತೋಟದಲ್ಲಿ ಅದು ಸೋಲುತ್ತದೆ.

ಬಟ್ಟೆಯ ವಿಷಯದಲ್ಲಿ ರೂಢಿ ಮತ್ತು ಅಗತ್ಯದ ನಡುವೆ ದೊಡ್ಡ ಅಂತರವಿದೆ. ತಿಳಿ ಬಣ್ಣದ, ನುಣುಪಾದ, ಸಡಿಲ ಹತ್ತಿ ಬಟ್ಟೆ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ ಮುಚ್ಚಿದ ಬೂಟು. ಅಂಚಗಲದ ಟೋಪಿಯ ಮೇಲೆ ಇಳಿಬಿಟ್ಟ ಬಲೆ ಇಷ್ಟಿದ್ದರೆ ತುಡುವೆ ಪೆಟ್ಟಿಗೆಯ ಪಕ್ಕದ ಕೆಲಸಕ್ಕೆ ಸಾಕು. ಸೊಳ್ಳೆಪರದೆಯ ತುಂಡಿನಿಂದಲೂ ಬಲೆ ಹೊಲಿಯಬಹುದು. ಅದು ಮುಖಕ್ಕೆ ಅಂಟದಂತೆ ಟೋಪಿಯ ಅಂಚು ದೂರ ಹಿಡಿದಿರಬೇಕು. ಆದರೆ ತೋಟದಲ್ಲಿ ನಿಜವಾಗಿ ಕೆಲಸ ಮಾಡುವವರು ಲುಂಗಿ ಮೇಲೆ ಕಟ್ಟಿದ ಗಂಡಸರು, ಸೀರೆ ಎತ್ತಿ ಸಿಕ್ಕಿಸಿದ ಹೆಂಗಸರು. ಪೆಟ್ಟಿಗೆ ತೋಟದ ಒಡೆಯನದು, ಬಲೆಟೋಪಿ ಒಡೆಯನ ಮನೆಯಲ್ಲಿ. ಕುಟುಕು ಮಾತ್ರ ಕೂಲಿಯವರಿಗೆ. ಎಷ್ಟೋ ಸಲ ಪೆಟ್ಟಿಗೆ ಯಾವ ಸಾಲಿನಲ್ಲಿದೆ ಎಂಬುದನ್ನೂ ಅವರಿಗೆ ಹೇಳಿರುವುದಿಲ್ಲ. ಅಡಿಕೆ ಗೊನೆ ಇಳಿಸುವವರ, ತೆಂಗಿನಕಾಯಿ ಕೀಳುವವರ ಸ್ಥಿತಿ ಇನ್ನೂ ಕಷ್ಟ. ಮರದ ತುದಿಯಲ್ಲಿರುವವನಿಗೆ ಕೈಬಿಟ್ಟು ಮುಖ ಮುಚ್ಚಿಕೊಳ್ಳುವ ಆಯ್ಕೆಯೇ ಇಲ್ಲ. ಮೇಲಿನಿಂದ ಬಿದ್ದ ಒಂದು ಗರಿ ಪೆಟ್ಟಿಗೆ ಉರುಳಿಸಿದರೆ ಅವನು ಇಳಿಯಬೇಕಾದದ್ದು ಅದೇ ಜೇನಿನ ನಡುವೆ. ಈ ಅಸಮತೆ ಇಲ್ಲಿಯ ರೂಢಿಯಲ್ಲಿ ಕಾಣುವ ಅತಿ ದೊಡ್ಡ ತಪ್ಪು. ಕೆಲಸಕ್ಕೆ ಇಳಿಸುವ ಮುನ್ನ ಪೆಟ್ಟಿಗೆ ತೋರಿಸುವುದಕ್ಕೆ ಖರ್ಚಿಲ್ಲ. ಹತ್ತಿರದ ಕಂಬಕ್ಕೆ ಬಿಳಿ ಸುಣ್ಣದ ಪಟ್ಟೆ ಬಳಿಯುವುದಕ್ಕೂ ಖರ್ಚಿಲ್ಲ.

ಹೊತ್ತು ನೋಡಿ ಕೆಲಸ ಮಾಡುವುದು ಒಳ್ಳೆಯ ಕ್ರಮ, ಆದರೆ ಅದನ್ನೂ ಅರಿತು ಮಾಡಬೇಕು. ಪೆಟ್ಟಿಗೆಯ ಹತ್ತಿರದ ಕುಡುಗೋಲಿನ ಕೆಲಸಕ್ಕೆ ಮುಂಜಾನೆಯ ತಂಪು ಅಥವಾ ಸಂಜೆ ಹಾರಾಟ ನಿಂತ ಮೇಲಿನ ಅರ್ಧ ಗಂಟೆ ಸೂಕ್ತ. ಆಗ ಬಾಗಿಲ ಮುಂದೆ ಓಡಾಟ ಇರುವುದಿಲ್ಲ. ಪೆಟ್ಟಿಗೆಯನ್ನೇ ಬಿಚ್ಚಬೇಕಾದರೆ ಲೆಕ್ಕ ಬೇರೆ: ಬಿಸಿಲೇರಿದ, ಗಾಳಿಯಿಲ್ಲದ ಹೊತ್ತಿನಲ್ಲಿ ದುಡಿಯುವ ನೊಣಗಳು ಹೊರಗಿದ್ದು ಒಳಗೆ ಗುಂಪು ಕಡಿಮೆ. ಇವೆರಡನ್ನೂ ಒಂದೇ ದಿನ ಮಾಡಬಾರದು. ಬಿಚ್ಚಿದ ಪೆಟ್ಟಿಗೆ ಆ ದಿನವೆಲ್ಲ ಎಚ್ಚರವಾಗಿರುತ್ತದೆ. ರಾತ್ರಿಯ ಅಪಾಯ ಈ ಸೀಮೆಯ ರೈತರಿಗೆ ವಿಶೇಷ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ಮೋಟಾರು ಹಾಕಲು, ವಾಲ್ವು ತಿರುಗಿಸಲು ತಲೆಗೆ ಬ್ಯಾಟರಿ ಕಟ್ಟಿ ಹೋಗುತ್ತಾರೆ. ಕೆಣಕಿದ ಜೇನು ಕತ್ತಲಲ್ಲಿ ಬೆಳಕಿನ ಮೂಲದತ್ತ ಬರುತ್ತದೆ. ಬೆಳಕು ಹಣೆಯಲ್ಲಿದ್ದರೆ ಕುಟುಕು ಮುಖಕ್ಕೆ. ಜೇನಿನ ಕಣ್ಣಿಗೆ ಕೆಂಪು ಬಣ್ಣ ಕಾಣುವುದಿಲ್ಲವಾದ್ದರಿಂದ ಬ್ಯಾಟರಿಗೆ ಕೆಂಪು ಹಾಳೆ ಸುತ್ತುವುದು ಸುಲಭದ ಉಪಾಯ. ಪಂಪ್‌ಹೌಸಿನ ಪಕ್ಕ, ಸ್ಟಾರ್ಟರಿನ ಕೆಳಗೆ ಪೆಟ್ಟಿಗೆಯನ್ನೇ ಇಡದಿರುವುದು ಅದಕ್ಕಿಂತಲೂ ಒಳ್ಳೆಯದು.

ಅಂದರೆ ವಿಚಾರ ಕೊನೆಗೆ ಜಾಗಕ್ಕೇ ಬಂದು ನಿಲ್ಲುತ್ತದೆ. ಇಲ್ಲಿಯವರೆಗೆ ಹೇಳಿದ ದಾರಿಗಳೆಲ್ಲ ಜೇನು ಎದ್ದೀತೆಂಬ ಭಯದಿಂದ ಹುಟ್ಟಿದವು. ಜಾಗದ ಯೋಜನೆಯಿಂದ ಆ ಭಯದ ಕಾರಣವೇ ಕಡಿಮೆಯಾಗುತ್ತದೆ. ಪೆಟ್ಟಿಗೆ ಇರಬೇಕಾದದ್ದು ತೋಟದ ಅಂಚಿನಲ್ಲಿ, ಜನ ಜಾನುವಾರು ನಡೆಯುವ ದಾರಿಯಿಂದ ದೂರ, ಬಾಗಿಲು ಪೂರ್ವಕ್ಕೆ, ಮಧ್ಯಾಹ್ನಕ್ಕೆ ನೆರಳು ಬೀಳುವ ಕಡೆ. ಬಾಗಿಲ ಮುಂದೆ ಆರೇಳು ಅಡಿ ದೂರದಲ್ಲಿ ಆಳೆತ್ತರದ ಹಸಿರು ಬೇಲಿ ಇದ್ದರೆ ನೊಣಗಳು ಎದ್ದ ಕೂಡಲೇ ಮೇಲಕ್ಕೇರಿ ಜನರ ತಲೆಯ ಮೇಲಿಂದ ಹಾರಿಹೋಗುತ್ತವೆ. ಪೆಟ್ಟಿಗೆಯ ಕೆಳಗೂ ಮುಂದೂ ಎರಡು ಕಲ್ಲುಚಪ್ಪಡಿ ಹಾಸಿದರೆ ಅಲ್ಲಿ ಕಳೆಯೇ ಏಳುವುದಿಲ್ಲ. ಬಂಡೆಗಳ ನಾಡಾದ ಚಿತ್ರದುರ್ಗದಲ್ಲಿ ಚಪ್ಪಡಿಗೆ ಬರವಿಲ್ಲ. ಚಪ್ಪಡಿ ಇಲ್ಲದಿದ್ದರೆ ಹಳೆಯ ಗೋಣಿಯ ಮೇಲೆ ತೆಂಗಿನ ಸಿಪ್ಪೆ ದಪ್ಪಗೆ ಹರಡಬಹುದು. ಸುತ್ತಲಿನ ಹುಲ್ಲನ್ನು ಮುಂಗಾರಿಗೆ ಮೊದಲೇ, ಹೊಂಗೆ ಹೂವಿನ ಕಾಲದಲ್ಲೇ ಸವರಿಬಿಡಬೇಕು. ಹಸಿವಿನ ತಿಂಗಳಲ್ಲಿ ಸಂಜೆ ಹೊತ್ತು ಪೆಟ್ಟಿಗೆಯೊಳಗೇ ಸಕ್ಕರೆ ಪಾಕ ಕೊಟ್ಟರೆ ಕಳ್ಳತನವೂ ಸಿಟ್ಟೂ ತಗ್ಗುತ್ತವೆ. ಹಗಲಲ್ಲಿ ಹೊರಗೆ ಚೆಲ್ಲಿದ ಪಾಕ ಜಗಳಕ್ಕೆ ಆಹ್ವಾನ. ಈಗಾಗಲೇ ತಪ್ಪು ಜಾಗದಲ್ಲಿರುವ ಪೆಟ್ಟಿಗೆಯನ್ನು ದಿನಕ್ಕೆ ಎರಡು ಮೂರು ಅಡಿಯಂತೆ ಸರಿಸಬೇಕು. ಒಮ್ಮೆಲೇ ನೂರಡಿ ಸರಿಸಿದರೆ ಹೊರಗೆ ಹೋದ ನೊಣಗಳು ಹಳೆಯ ಜಾಗಕ್ಕೇ ಬಂದು ಸುತ್ತುತ್ತವೆ. ಇಷ್ಟು ಮಾಡಿದ ಮೇಲೂ ಸದಾ ಎರಗುವ ಮೆಲ್ಲಿಫೆರಾ ಕುಟುಂಬವಿದ್ದರೆ ರಾಣಿಯನ್ನು ಬದಲಿಸಬೇಕು. ಹಳೆಯ ರಾಣಿಯ ಮಕ್ಕಳ ಆಯುಷ್ಯ ಮುಗಿಯುವ ಒಂದೆರಡು ತಿಂಗಳಲ್ಲಿ ಕುಟುಂಬದ ಸ್ವಭಾವವೇ ಬದಲಾಗುತ್ತದೆ. ಇಂಥ ಮಾರ್ಗದರ್ಶನಕ್ಕೆ ತಾಲ್ಲೂಕಿನ ತೋಟಗಾರಿಕೆ ಕಚೇರಿ ಮತ್ತು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇವೆ.

ಹೆಜ್ಜೇನಿಗೆ ಈ ಯೋಜನೆ ಯಾವುದೂ ಅನ್ವಯಿಸುವುದಿಲ್ಲ. ಬಂಡೆಯ ಚಾಚು, ಆಲದ ಕೊಂಬೆ, ನೀರಿನ ಓವರ್‌ಹೆಡ್ ಟ್ಯಾಂಕುಗಳ ಅಡಿಯಲ್ಲಿ ಅದು ಬಯಲಿಗೇ ತೂಗುವ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಸಾವಿರಾರು ನೊಣಗಳು ಅದರ ಮೇಲೆ ಪದರ ಪದರವಾಗಿ ಕೂತಿರುತ್ತವೆ. ಹದ್ದು ಬಡಿದರೂ, ಕಲ್ಲು ಬಿದ್ದರೂ, ಕೆಳಗೆ ಕಸ ಸುಟ್ಟ ಹೊಗೆ ತಾಗಿದರೂ ಒಟ್ಟಾಗಿ ಏಳುತ್ತದೆ ಮತ್ತು ಬಹುದೂರ ಅಟ್ಟಿಸಿಕೊಂಡು ಬರುತ್ತದೆ. ತುಡುವೆಗೆ ಹಿತವಾದ ಹೊಗೆ ಇಲ್ಲಿ ಅಪಾಯ. ಹೆಜ್ಜೇನು ಕೂತ ಮರದ ಕೆಳಗೆ ಆ ಋತು ಮುಗಿದು ಅದು ವಲಸೆ ಹೋಗುವವರೆಗೆ ಯಂತ್ರದ ಕೆಲಸ ಬೇಡ, ಬೆಂಕಿ ಬೇಡ. ತೆಗೆಸಲೇಬೇಕಾದ ಕಡೆ ಅನುಭವಿಗಳನ್ನೇ ಕರೆಸಬೇಕು.

ಜೇನು ಎದ್ದೇಬಿಟ್ಟರೆ ಮಾಡಬೇಕಾದದ್ದು ಸರಳ. ಯಂತ್ರದ ಪಟ್ಟಿ ಬಿಚ್ಚಿ ಎಸೆದು, ಟವೆಲಿನಿಂದ ಮುಖ ಮುಚ್ಚಿ, ಕೈ ಬೀಸದೆ, ನೇರವಾಗಿ ಓಡಿ ಬಾಗಿಲಿರುವ ಮನೆಯನ್ನೋ ವಾಹನವನ್ನೋ ಸೇರಬೇಕು. ಬಾವಿಗೆ, ಕೃಷಿಹೊಂಡಕ್ಕೆ ಹಾರುವುದು ಕುಟುಕಿಗಿಂತ ದೊಡ್ಡ ಅಪಾಯ. ಜೇನು ನೀರಿನ ಮೇಲೆ ಕಾಯುತ್ತದೆ, ಹೊಂಡದ ಪ್ಲಾಸ್ಟಿಕ್ ಹಾಸಿನ ಮೇಲೆ ಕಾಲು ನಿಲ್ಲುವುದಿಲ್ಲ. ಕೊಂಡಿಯನ್ನು ಉಗುರಿನಿಂದ ಕೆರೆದು ತೆಗೆಯಬೇಕೋ ಚಿವುಟಿ ತೆಗೆಯಬೇಕೋ ಎಂಬ ಚರ್ಚೆಗೆ 1996ರಲ್ಲಿ ಪ್ರಕಟವಾದ ಪ್ರಯೋಗವೊಂದು ಉತ್ತರ ಕೊಟ್ಟಿದೆ: ಹೇಗೆ ಎಂಬುದಕ್ಕಿಂತ ಎಷ್ಟು ಬೇಗ ಎಂಬುದೇ ಮುಖ್ಯ. ಸುಣ್ಣ ಹಚ್ಚುವ, ಈರುಳ್ಳಿ ತಿಕ್ಕುವ ರೂಢಿ ಎಲ್ಲೆಡೆ ಇದೆ. ನಂಜು ಚರ್ಮದ ಕೆಳಗೆ ಇಳಿದಿರುವುದರಿಂದ ಮೇಲೆ ಹಚ್ಚಿದ್ದು ಅದನ್ನು ಮುಟ್ಟುವುದಿಲ್ಲ. ತಣ್ಣೀರಿನ ಬಟ್ಟೆ ಸಾಕು. ತುಟಿ ನಾಲಗೆ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಒಂದೇ ಕುಟುಕಾದರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು; ಅಲ್ಲಿ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಹತ್ತಾರು ಕುಟುಕು ಬಿದ್ದವರು, ಮಕ್ಕಳು, ವಯಸ್ಸಾದವರು ಆರಾಮವಾಗಿ ಕಂಡರೂ ವೈದ್ಯರಿಗೆ ತೋರಿಸಬೇಕು. ನಂಜಿನ ಪ್ರಮಾಣ ಹೆಚ್ಚಾದರೆ ಮೂತ್ರಪಿಂಡಕ್ಕೆ ಆಗುವ ಹಾನಿ ತಡವಾಗಿ ಗೊತ್ತಾಗುತ್ತದೆ.

ಎಲ್ಲವನ್ನೂ ತೂಗಿದಾಗ ಬರುವ ಕ್ರಮ ಇದು: ಮೊದಲು ಜಾಗ, ಆಮೇಲೆ ಹೊತ್ತು, ಆಮೇಲೆ ಬಟ್ಟೆ, ಆಮೇಲೆ ಹೊಗೆ; ಬೆಂಕಿ ಮತ್ತು ವಿಷ ಯಾವಾಗಲೂ ಬೇಡ. ಇಂದಿನ ರೂಢಿಯಲ್ಲಿ ಈ ಸಾಲು ಬಹುಮಟ್ಟಿಗೆ ತಲೆಕೆಳಗಾಗಿದೆ. ಜೇನು ಎದ್ದ ಮೇಲೆ ಬೆಂಕಿ ಹುಡುಕುತ್ತಾರೆ, ಪೆಟ್ಟಿಗೆ ಇಡುವಾಗ ಜಾಗ ನೋಡುವುದಿಲ್ಲ. ಸಹಾಯಧನದ ಪೆಟ್ಟಿಗೆಯ ಜೊತೆಗೆ ಎರಡು ಬಲೆಟೋಪಿ, ಒಂದು ಹೊಗೆತಿದಿ ಮತ್ತು ಅರ್ಧ ದಿನದ ತರಬೇತಿ ತೋಟದ ಒಡೆಯನಿಗೆ ಸಿಕ್ಕಂತೆಯೇ ಅಲ್ಲಿ ಕಳೆ ತೆಗೆಯುವ ಕೂಲಿಯವರಿಗೂ ಸಿಗಬೇಕು. ಅಲ್ಲಿಯವರೆಗೆ ಪ್ರತಿಯೊಬ್ಬ ತೋಟದವರೂ ಮಾಡಬಹುದಾದ ಒಂದು ಕೆಲಸವಿದೆ. ಈ ಮುಂಗಾರಿಗೆ ಮೊದಲು ಪೆಟ್ಟಿಗೆಯ ಮುಂದೆ ಒಂದು ಚಪ್ಪಡಿ ಹಾಸಿ, ಕೆಲಸಕ್ಕೆ ಬಂದವರನ್ನು ಕರೆದು ಆ ಪೆಟ್ಟಿಗೆಯನ್ನು ತೋರಿಸಿ.